ಅರ್ಧ ಮಾತ್ರೆ

ಆಸ್ಪತ್ರೆಯ ಎರಡನೇ ಮಹಡಿ,
ಬಾಗಿಲ ಹೊರಗಿನ ಬೆಂಚು,
ಮಂಗಳವಾರ, ಮಧ್ಯಾಹ್ನ

ನನ್ನ ಡಾಕ್ಟರ್ ಮಗಳಿಗೆ, ಹೊರಗೆ ಕೂತಿರುವ ಅಪ್ಪನ ಆಶೀರ್ವಾದ.

ನನ್ನ ಚೀಟಿ ನಿನ್ನ ಕೈಸೇರಿತು ಎಂದು ಆಯಾ ಹೇಳಿದಳು. ನೀನು ಕಳಿಸಿದ ಕಾಗದವೂ ಬಂತು. “ಅಪ್ಪ, ಏನೇನಾಯ್ತು ಅಂತ ಮೊದಲಿಂದ ಬರೆದು ಕಳಿಸಿ. ಒಂದೂ ಬಿಡಬೇಡಿ. ಬೈಗುಳ ಮಾತ್ರ ಬಿಡಿ” ಎಂದು ಬರೆದಿದ್ದೀಯ. ಬೈಗುಳ ಬಿಡಲು ನೋಡುತ್ತೇನೆ, ಮಾತು ಕೊಡಲಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಬಾಗಿಲಿನ ಅಳತೆ ಬಿಟ್ಟು ಇಷ್ಟುದ್ದ ಏನನ್ನೂ ಬರೆದವನಲ್ಲ. ಅಕ್ಷರ ತಿಳಿಯದ ಕಡೆ ಊಹೆ ಮಾಡಿಕೊ.

ಚೀಟಿಯಲ್ಲಿ ಬರೆದದ್ದನ್ನೇ ಮತ್ತೊಮ್ಮೆ ಬರೆಯುತ್ತೇನೆ, ಅನುಮಾನ ಬೇಡ. ನನ್ನ ಮೊಮ್ಮಗಳು ಗುಬ್ಬಿಗೆ ಚೇಳು ಕುಟುಕಿದ ಮೇಲೆ, ಇಲ್ಲಿಗೆ ಕರೆತರುವ ಮೊದಲು, ನಾನು ನನ್ನ ಬಿಪಿ ಮಾತ್ರೆಯನ್ನು ಅರ್ಧ ಪುಡಿ ಮಾಡಿ ಸಕ್ಕರೆ ನೀರಿನಲ್ಲಿ ಕುಡಿಸಿದೆ. ನಾನೇ. ಬೇರೆ ಯಾರಿಗೂ ಇದು ಗೊತ್ತಿಲ್ಲ.

ಹೆತ್ತ ತಾಯಿ, ನಿನ್ನ ಅತ್ತಿಗೆ, ನನ್ನ ಪಕ್ಕದಲ್ಲೇ ಇದ್ದಾಳೆ. ಅದಕ್ಕೇ ಬಾಯಲ್ಲಿ ಹೇಳದೆ ಕಾಗದದಲ್ಲಿ ಗೀಚುತ್ತಿದ್ದೇನೆ. “ಏನ್ ಬರೀತಿದೀರಿ ಮಾವ?” ಎಂದು ಕೇಳಿದಳು. ಆಸ್ಪತ್ರೆಯವರು ವಿಳಾಸ ಕೇಳಿದ್ದಾರೆ ಎಂದೆ. ಪುಟಗಟ್ಟಲೆ ವಿಳಾಸ ಯಾರಿಗಿರುತ್ತದೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿಲ್ಲ. ಮಗು ವಾಂತಿ ಮಾಡಿಕೊಂಡ ಫ್ರಾಕನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. ಒಳಗೆ ನಿಮ್ಮ ಮೆಷಿನ್ನಿನ ಕೀಚು ಸದ್ದು ಸ್ವಲ್ಪ ಬದಲಾದರೆ ಸಾಕು, ಇಬ್ಬರೂ ಎದ್ದು ನಿಲ್ಲುತ್ತೇವೆ. ವಾಚ್‌ಮನ್ ಕೂರಿ ಎನ್ನುತ್ತಾನೆ. ಕೂರುತ್ತೇವೆ. ಅವನಿಗೆ ಒಂದು ಸಲ ಬೈದೆ. ಅವನೂ ಬೈದ.

ಮೊದಲಿಂದ ಎಂದೆಯಲ್ಲ, ಕೇಳು. ಹಿತ್ತಲಲ್ಲಿ ಹಳೇ ಚೌಕಟ್ಟುಗಳ ರಾಶಿ ಇದೆಯಲ್ಲ, ಕೆಡವಿದ ಮನೆಯಿಂದ ತಂದದ್ದು. ಹೋದ ಸಲ ಬಂದಾಗ ನೀನು ಅದನ್ನು ನೋಡಿ, “ಅಪ್ಪ, ಚೇಳುಗಳಿಗೆ ಬಾಡಿಗೆ ಮನೆ ಕಟ್ಕೊಟ್ಟಿದೀರಲ್ಲ, ಅಡ್ವಾನ್ಸ್ ತಗೊಂಡ್ರಾ?” ಎಂದು ಹಂಗಿಸಿದ್ದೆ. ನನಗೆ ಸಿಟ್ಟು ಬಂದಿತ್ತು. ಮರದ ವಿಷಯ ನನಗೆ ಹೇಳಿಕೊಡಬೇಡ ಎಂದಿದ್ದೆ. ಇವತ್ತು ತಿಂಡಿ ಆದಮೇಲೆ ಗುಬ್ಬಿ ಬೊಂಬೆಗೆ ಮಂಚ ಬೇಕೆಂದು ಹಲಗೆ ತುಂಡು ಹುಡುಕಲು ಅಲ್ಲಿಗೆ ಹೋಗಿದ್ದಾಳೆ. ರಾಶಿಯ ಸಂದಿಗೆ ಕೈ ಹಾಕಿದ್ದಾಳೆ.

ಬಲಗೈ ತೋರುಬೆರಳು. ಕೆಂಪು ಚೇಳು, ಸಣ್ಣದು. ಆಮೇಲೆ ರಾಶಿ ಎಳೆದು ಅದನ್ನು ಚಪ್ಪಟೆ ಮಾಡಿದೆ. ತರಬೇಕಿತ್ತೇನೋ, ತರಲಿಲ್ಲ.

ಮೊದಲು ಜೋರಾಗಿ ಅತ್ತಳು. ಅಳುತ್ತಿದ್ದಷ್ಟು ಹೊತ್ತು ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಆಮೇಲೆ ಅಳು ನಿಂತಿತು. ತಲೆಗೆ ನೀರು ಸುರಿದಂತೆ ಬೆವರಿದಳು, ಅಂಗೈ ಮಂಜುಗಡ್ಡೆ. ತಿಂದದ್ದೆಲ್ಲ ವಾಂತಿಯಾಯಿತು. ಎತ್ತಿಕೊಂಡಾಗ ಅವಳ ಎದೆ ನನ್ನ ಕೈಗೆ ಬಡಿಯುತ್ತಿತ್ತು, ಹಿಡಿದ ಕೋಳಿಮರಿ ಬಡಿದುಕೊಳ್ಳುವಂತೆ. ತಾತಾ ಎನ್ನಲಿಲ್ಲ. ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಹೆದರಿಸಿದವರು ಕಡಿಮೆ. ಐದು ವರ್ಷದ ಕೂಸು ಹೆದರಿಸಿಬಿಟ್ಟಳು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಹೋದ ಸಲ ನೀನು ಬಂದ ದಿನ ಊಟಕ್ಕೆ ಕೂತಾಗ ನಿನ್ನ ಸಂಶೋಧನೆ ಏನು ಎಂದು ನಾನೇ ಕೇಳಿದ್ದು. “ಹೊಸ ಔಷಧಿ ಏನಲ್ಲಪ್ಪ, ಬಿಪಿಗೆ ಅಂತ ಇದ್ದ ಹಳೇ ಮಾತ್ರೆ. ಚೇಳು ಕಚ್ಚಿದೋರಿಗೆ ಕೆಲಸ ಮಾಡತ್ತೆ. ಅದೊಂದೇ ಸಾಕಾ, ಜೊತೆಗೆ ವಿಷಕ್ಕೆ ಎದುರಾಗೋ ಸೂಜೀನೂ ಬೇಕಾ ಅಂತ ನೋಡ್ತಿದೀವಿ” ಎಂದೆ. ನಾನು ಜೇಬು ತಟ್ಟಿ, “ಹಾಗಾದ್ರೆ ಆಸ್ಪತ್ರೆ ಯಾಕೆ, ನನ್ನ ಜೇಬಲ್ಲೇ ಇದೆಯಲ್ಲ” ಎಂದೆ. ಎಲ್ಲರೂ ನಕ್ಕೆವು. ನೀನೂ ನಕ್ಕೆ. ಅದು ಬೇರೆ ಮಾತ್ರೆ ಎಂದು ನೀನು ಹೇಳಲಿಲ್ಲ. ತಪ್ಪು ನಿನ್ನದಲ್ಲ, ಜೋಕಿಗೆ ಯಾರು ತಿದ್ದುಪಡಿ ಹೇಳುತ್ತಾರೆ? ಆದರೂ ಹೇಳಬಹುದಿತ್ತು. ಹೋಗಲಿ ಬಿಡು.

ಹಾಗಾಗಿ ಇವತ್ತು ಅದೇ ನೆನಪಾಯಿತು. ಸೊಸೆ ಕೂಗಿದ ತಕ್ಷಣ ಓಡಿ ಬಂದೆ. ಅವಳನ್ನು ಆಟೋ ತರಲು ಬೀದಿಗೆ ಕಳಿಸಿದೆ. ಪಟ್ಟಿಯಿಂದ ಒಂದು ಮಾತ್ರೆ ತೆಗೆದು, ಎರಡು ತುಂಡು ಮಾಡಿ, ಒಂದನ್ನು ಚಮಚದ ಬೆನ್ನಿನಲ್ಲಿ ಅರೆದು, ಲೋಟದ ನೀರಿಗೆ ಸಕ್ಕರೆ ಹಾಕಿ ಕುಡಿಸಿದೆ. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದೇ ನಿಮಗೆ ಗೊತ್ತಿಲ್ಲವಲ್ಲ ಎನ್ನಬೇಡ. ಹುಡುಕಿದೆ, ಸಿಕ್ಕಿತು. ಸೊಸೆ ವಾಪಸು ಬರುವ ಹೊತ್ತಿಗೆ ಮಗು ಕುಡಿದಾಗಿತ್ತು. ಇದನ್ನು ಎರಡು ಸಲ ಓದಿಕೊ: ಅವಳಿಗೆ ಏನೂ ಗೊತ್ತಿಲ್ಲ.

ಇಲ್ಲಿಗೆ ಬಂದೆವು. ನಿನ್ನ ಕೈಕೆಳಗಿನ ಕನ್ನಡಕದ ಡಾಕ್ಟರು ಒಂದು ಕಾಗದ ಹಿಡಿದು ಬಂದ. ಸಂಶೋಧನೆಗೆ ಸೇರಿಸಿಕೊಳ್ಳಬಹುದೇ ಎಂದ. ಬರೀ ಮಾತ್ರೆಯೋ, ಮಾತ್ರೆಯ ಜೊತೆ ಸೂಜಿಯೋ ಎಂಬುದನ್ನು ಕಂಪ್ಯೂಟರ್ ಆರಿಸುತ್ತದಂತೆ. ನನ್ನ ತಲೆ ಕೆಟ್ಟಿತು. ಮಗುವಿನ ಜೀವವನ್ನು ಲಾಟರಿಗೆ ಹಾಕುತ್ತೀರಾ ಎಂದು ಕಾರಿಡಾರಿನಲ್ಲಿ ಕೂಗಾಡಿದೆ. ನೀನು ಹೊರಗೆ ಬಂದೆ. “ಅಪ್ಪ, ಯಾವುದು ಹೆಚ್ಚು ಅಂತ ಗೊತ್ತಿದ್ರೆ ಅದನ್ನೇ ಕೊಡ್ತಿದ್ದೆ. ಗೊತ್ತಿಲ್ದೇ ಇರೋದಕ್ಕೇ ಅಲ್ವಾ ಈ ಪಾಡು” ಎಂದೆ. ಚೇಳಿಗಿಂತ ಆ ಮಾತು ನನ್ನನ್ನು ಹೆಚ್ಚು ಹೆದರಿಸಿತು. ನಿನ್ನನ್ನು ಓದಿಸಿದ್ದೇ ನಿನಗೆ ಗೊತ್ತಿರಲಿ ಎಂದು. ನೀನು ನನ್ನ ಮುಖ ನೋಡಿಕೊಂಡು ಗೊತ್ತಿಲ್ಲ ಎನ್ನುತ್ತೀಯ. ಸೊಸೆ ಮಾತ್ರ ನನ್ನಂತೆ ಕುಣಿಯಲಿಲ್ಲ. “ನಾದಿನಿ ಇದ್ದಾಳಲ್ಲ ಮಾವ, ಸಾಕು” ಎಂದು ಸಹಿ ಹಾಕಿದಳು. ನಿನ್ನ ಮೇಲೆ ಅವಳಿಗೆ ನನಗಿಂತ ನಂಬಿಕೆ. ಅದನ್ನು ನೆನಪಿಡು.

ಆಗ ಆ ಕನ್ನಡಕದವನು, “ಬರೋ ಮುಂಚೆ ಮನೇಲಿ ಏನಾದ್ರೂ ಔಷಧಿ ಕೊಟ್ರಾ?” ಎಂದು ಕೇಳಿದ. ಏನೂ ಕೊಟ್ಟಿಲ್ಲ, ನಾವೇನು ಕಂಡಕಂಡ ಬೇರು ತೇಯ್ದು ಕುಡಿಸುವವರಾ ಎಂದು ನಾನೇ ಗದರಿದೆ. ಸೊಸೆ ಬಾಯಿ ತೆರೆಯುವ ಮೊದಲೇ ಗದರಿದೆ. ಅವನು “ಇಲ್ಲ” ಎಂದು ಬರೆದುಕೊಂಡು ಹೋದ.

ಆಮೇಲೆ ನನ್ನ ಮಾತ್ರೆಯ ಪಟ್ಟಿ ಹಿಡಿದು ಕೆಳಗಿನ ಮೆಡಿಕಲ್ ಶಾಪಿಗೆ ಹೋದೆ. ಚೇಳಿಗೆ ಕೊಡುವ ಬಿಪಿ ಮಾತ್ರೆಯೂ ಇದೂ ಒಂದೇ ಅಲ್ಲವೇ ಎಂದು ಕೇಳಿದೆ. ಅಂಗಡಿಯವನು ಪಟ್ಟಿ ತಿರುಗಿಸಿ ನೋಡಿ, “ಅಯ್ಯೋ ಯಜಮಾನ್ರೇ, ಎಲ್ಲಿಯ ಮಾತು. ಅದು ರಕ್ತನಾಳ ಸಡಿಲ ಮಾಡೋದು. ಇದು ಹೃದಯದ ಓಟಕ್ಕೇ ಲಗಾಮು. ಚೇಳಿನ ವಿಷಕ್ಕೆ ಹೃದಯ ಮೊದಲೇ ಸುಸ್ತಾಗಿರತ್ತೆ, ಅದರ ಮೇಲೆ ಇದನ್ನ ಕೊಟ್ರೆ…” ಎಂದ. ಪಟ್ಟಿಯನ್ನು ನನ್ನ ಕೈಗೇ ವಾಪಸು ಕೊಟ್ಟ. ಮೊಳೆ ಎಂದರೆ ಎಲ್ಲ ಒಂದೇ ಎಂದ ಒಬ್ಬ ಕೆಲಸಗಾರನನ್ನು ನಾನು ಮಧ್ಯಾಹ್ನದೊಳಗೆ ಮನೆಗೆ ಕಳಿಸಿದ್ದೆ. ಅಂಥವನು ನಾನು. ಮೆಟ್ಟಿಲು ಹತ್ತಿ ಬಂದವನೇ ನಿನಗೆ ಚೀಟಿ ಬರೆದು ಆಯಾ ಕೈಗೆ ಕೊಟ್ಟೆ, ಪಟ್ಟಿಯನ್ನೂ ಕೊಟ್ಟೆ.

ನೀನು ಚೀಟಿ ಓದಿ ಗೋಡೆ ಹಿಡಿದು ನಿಂತೆಯಂತೆ. ಆಯಾ ಹೇಳಿದಳು. ನಿನಗೆ ಏನು ಅನಿಸಿರಬಹುದು ಎಂದು ನನಗೆ ಅರ್ಥವಾಗುತ್ತದೆ, ಅಷ್ಟೇನೂ ದಡ್ಡನಲ್ಲ. ಬೆಳಗಿನಿಂದ ಮಗು ಇಳಿದುಹೋಗುತ್ತಿರುವುದು ನೀನು ಕೊಟ್ಟ ಔಷಧಿಯಿಂದಲೇ ಎಂದುಕೊಂಡಿರುತ್ತೀಯ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನೀನು ಹಾಗೇ ಬರೆದುಕೊಳ್ಳುತ್ತಿದ್ದೆ. ನಿನ್ನ ಸಂಶೋಧನೆಯಲ್ಲಿ ಒಂದು ಕಂಬಕ್ಕೆ ಗೆದ್ದಲು ಹಿಡಿಯುತ್ತಿತ್ತು, ನಿನಗೆ ಗೊತ್ತೇ ಆಗುತ್ತಿರಲಿಲ್ಲ. ಗುಬ್ಬಿಯನ್ನು ಆ ಲೆಕ್ಕದಿಂದ ತೆಗೆದುಬಿಡು. ಅವಳು ನಮ್ಮ ಗುಬ್ಬಿಯಾಗಿ ಮಾತ್ರ ಇರಲಿ.

ಒಂದು ಮಾತು. ನಿನ್ನ ಅಣ್ಣ ಲಾರಿ ಎಲ್ಲೋ ನಿಲ್ಲಿಸಿ ಬಸ್ಸು ಹತ್ತಿದ್ದಾನಂತೆ, ಸಂಜೆಯೊಳಗೆ ಬರುತ್ತಾನೆ. ಅವನ ಸಿಟ್ಟು ನಿನಗೆ ಗೊತ್ತು, ನನ್ನ ಕಾರ್ಖಾನೆಯದ್ದೇ ಮಾಲು. ಬಂದವನೇ ಯಾರು ಏನು ಮಾಡಿದಿರಿ ಎಂದು ಕೇಳುತ್ತಾನೆ. ಅಪ್ಪ ಕೊಟ್ಟರು ಎಂದು ಹೇಳು. ಅವನು ನನಗೆ ಬಯ್ಯಲಿ, ಮಾತು ಬಿಡಲಿ. ನಾವಿಬ್ಬರೂ ಎಷ್ಟು ಸಲ ಮಾತು ಬಿಟ್ಟಿಲ್ಲ? ಮತ್ತೆ ಯಾವಾಗಲೋ ಒಂದು ಬಾಗಿಲು ಎತ್ತಿಸುವ ನೆಪದಲ್ಲಿ ಮಾತಾಡುತ್ತೇವೆ. ಅಪ್ಪನ ಮೇಲಿನ ಸಿಟ್ಟು ಆರುತ್ತದೆ. ಎಲ್ಲ ಸಿಟ್ಟೂ ಆರುವುದಿಲ್ಲ.

ಒಳಗೆ ಯಾರೋ ಓಡಿದರು. ಗಾಜಿನ ಹಿಂದೆ ನೆರಳು ಕಂಡಿತು, ನೀನೋ ನರ್ಸೋ ತಿಳಿಯಲಿಲ್ಲ. ಸೊಸೆ ನನ್ನ ತೋಳು ಹಿಡಿದುಕೊಂಡಿದ್ದಾಳೆ, ಅಕ್ಷರ ಓರೆಯಾಗುತ್ತಿದೆ. ಮಗಳೇ, ಗೊತ್ತಿಲ್ಲ ಎಂದು ಇನ್ನೊಂದು ಸಲ ಹೇಳಬೇಡ. ಸುಳ್ಳಾದರೂ ಸರಿ, ಗೊತ್ತಿದೆ ಎಂದು ಹೇಳು.

ಇಷ್ಟೇ ನಡೆದದ್ದು.

ನಿನ್ನ ಅಪ್ಪ

ತಾ.ಕ.: ಮಡಚಿದ ಕಾಗದ ಬಿಚ್ಚಿ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಆಯಾ ಈಗ ಬಂದು, “ಅರ್ಧ ಅನ್ನೋದು ಗ್ಯಾರಂಟಿನಾ ಅಂತ ಡಾಕ್ಟರಮ್ಮ ಕೇಳ್ತಿದಾರೆ. ಮುಂದೆ ಏನು ಕೊಡಬೇಕು, ಎಷ್ಟು ಕೊಡಬೇಕು ಅನ್ನೋದು ಅದರ ಮೇಲೇ ನಿಂತಿದೆಯಂತೆ” ಎಂದಳು. ಸೊಸೆ ಮುಖ ತೊಳೆಯಲು ಹೋಗಿದ್ದಾಗ ಆಯಾ ಇದನ್ನು ಹೇಳಿದ್ದು, ಪುಣ್ಯ.

ಗ್ಯಾರಂಟಿ ಇಲ್ಲ. ಅರ್ಧ ಎಂದದ್ದನ್ನು ಹೊಡೆದುಹಾಕು. ಕೊಟ್ಟವನು ನಾನಲ್ಲ. ಕಟಿಂಗ್ ಮೆಷಿನ್ ಓಡುತ್ತಿತ್ತು, ಸೊಸೆ ಕೂಗಿದ್ದೇ ನನಗೆ ಕೇಳಿಸಲಿಲ್ಲ. ಮಾತ್ರೆಯಿದ್ದ ಅಂಗಿ ಮನೆಯೊಳಗೆ ಗೂಟದಲ್ಲಿತ್ತು. ನಾನು ಒಳಗೆ ಬಂದಾಗ ಲೋಟ ಖಾಲಿಯಾಗಿತ್ತು. ನೀರು ಕುಡಿಸಿದ್ದಾಳೆ ಎಂದುಕೊಂಡು ಆಟೋಗೆ ಓಡಿದವನು ನಾನು. ಆ ಡಾಕ್ಟರು ಕೇಳಿದಾಗ ಅವಳು ಹೇಳಲು ಹೊರಟಿದ್ದಳು, ನಾನು ಗದರಿ ಬಾಯಿ ಮುಚ್ಚಿಸಿದೆ. ಸಹಿ ಹಾಕಿ ಬೆಂಚಿನಲ್ಲಿ ಕೂತ ಮೇಲೆ, “ಮಾವ, ಬಿಪಿ ಮಾತ್ರೆ ಎಲ್ಲಾ ಒಂದೇ ಅಲ್ವಾ?” ಎಂದು ಮೆಲ್ಲಗೆ ಕೇಳಿದಳು. ಒಂದೇ ಕಣಮ್ಮ, ಸುಮ್ನಿರು ಎಂದೆ. ಆಮೇಲೆ ಕೆಳಗೆ ಹೋದೆ. ಎಷ್ಟು ಕೊಟ್ಟೆ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ಮಾತ್ರೆ ತಪ್ಪಾಯಿತೆಂದು ಅವಳಿಗೆ ಗೊತ್ತಾಗಿಬಿಡುತ್ತದೆ.

ಅವಳೊಬ್ಬಳನ್ನೇ ಒಳಗೆ ಕರೆಸು. ಎಷ್ಟು ಎಂದು ಕೇಳು. ಯಾಕೆ ಎಂದು ಕೇಳಬೇಡ. ಉತ್ತರ ಸಿಕ್ಕಿದ ಮೇಲೆ ಈ ಹಾಳೆಯನ್ನು ಹರಿದುಹಾಕು. ಮೇಲಿನ ಹಾಳೆಗಳು ಇರಲಿ, ನಿನ್ನ ಅಣ್ಣನಿಗೆ ತೋರಿಸಬೇಕು.