ಎಡಗಣ್ಣಿನ ಗುರಿ

ಫರ್ವಾನಿಯಾ, ಕುವೈತ್
೧೮ ಏಪ್ರಿಲ್ ೨೦೨೫, ಶುಕ್ರವಾರ

ಪ್ರೀತಿಯ ಮಗಳು ಶಮೀಮಾಳಿಗೆ ಉಮ್ಮನ ಸಲಾಂ.

ಮೊನ್ನೆ ನೀನು ಆ ಹಿಮದ ದೇಶದಿಂದ ಫೋನಿನಲ್ಲಿ "ಉಮ್ಮಾ, ಕೊಯೋಟಿ ಬಿತ್ತು, ಒಂದೇ ಗುಂಡು" ಅಂದೆಯಲ್ಲ, ಆಮೇಲೆ ನನ್ನನ್ನು ಮಾತಾಡಲು ಬಿಟ್ಟವರು ಯಾರು? ನಿನ್ನ ಬಾಪ ಫೋನು ಕಸಿದುಕೊಂಡು, "ನಾನು ಹೇಳಿದ್ದಲ್ವಾ? ನನ್ನ ಸಲಹೆ ಅಂದ್ರೆ ಹಾಗೆ!" ಎಂದು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಕೂಗಿದರು. ನಾನು ಪಕ್ಕದಲ್ಲಿ ನಿಂತು ನಕ್ಕೆ, ಅಷ್ಟೆ. ಅದಕ್ಕೇ ಈ ಕಾಗದ. ಬರೆಯುವಾಗ ನಡುವೆ ಬಾಯಿ ಹಾಕುವವರು ಇರುವುದಿಲ್ಲ.

ಫೆಬ್ರವರಿಯಲ್ಲಿ ನೀನು ಹೇಳಿದ್ದು ನೆನಪಿದೆಯಾ? ಕುರಿಗಳು ಮರಿ ಹಾಕುವ ಕಾಲ ಬರುತ್ತಿದೆ, ಕೊಯೋಟಿಗಳು ಹೋದ ವರ್ಷ ಎಷ್ಟೋ ಮರಿಗಳನ್ನು ಎಳೆದೊಯ್ದಿವೆ, ನೀನು ಕೆಲಸಕ್ಕಿರುವ ಕುರಿ ಫಾರ್ಮಿನ ಒಡತಿಗೆ ಮಂಡಿಯ ಆಪರೇಷನ್, ಕಾವಲಿಗೆ ನಿಲ್ಲಬೇಕಾದವಳು ನೀನು ಎಂದು. ಅವರೇ ಹೊಸ ರೈಫಲ್ ಕೊಳ್ಳುತ್ತಾರೆ, ಆದರೆ ಆರಿಸಬೇಕಾದದ್ದು ನೀನು. ಇದ್ದ ಹಳೆಯ ಬಂದೂಕಿನಿಂದ ಐವತ್ತು ಹೆಜ್ಜೆ ದೂರದ ಎಣ್ಣೆ ಡಬ್ಬಕ್ಕೂ ನಿನ್ನ ಗುರಿ ತಾಗುತ್ತಿರಲಿಲ್ಲ. "ನನಗೆ ಇದು ಬರುವುದಿಲ್ಲ ಉಮ್ಮಾ, ದೊಡ್ಡ ಗುಂಡಿನದ್ದೇ ತೆಗೆದುಕೊಂಡರೆ ಎಲ್ಲಾದರೂ ತಾಗೀತು" ಅಂದಿದ್ದೆ. ನಿನ್ನ ದನಿ ಸಣ್ಣಗಾಗಿತ್ತು. ಕುರಿಯ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಹಾಕಿ ಮರಿ ತೆಗೆಯುವ ಡಾಕ್ಟರು ನೀನು. ಆ ದನಿ ನನಗೆ ಸಹಿಸಲಾಗಲಿಲ್ಲ.

ಬಾಪ ಮೊದಲು ಹೆದರಿದರು, ಮರುದಿನ ಹುರುಪಾದರು. ನಮ್ಮ ಅಂಗಡಿಗೆ ಖರ್ಜೂರ, ಹಾಲು ಕೊಳ್ಳಲು ಬರುವ ಅಬೂ ನಾಸರ್ ಇದ್ದಾರಲ್ಲ, ಚಳಿಗಾಲದಲ್ಲಿ ಪರದೇಶಕ್ಕೆ ಬೇಟೆಗೆ ಹೋಗುವವರು? ಅವರನ್ನು ಕೇಳಿದರು. ಅವರು ತ್ರೀ ಹಂಡ್ರೆಡ್ ಮ್ಯಾಗ್ನಂ ಎಂಬ ದೊಡ್ಡ ಗುಂಡಿನ ಬಂದೂಕು ಎಂದರು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ದೊಡ್ಡ ಕಡವೆಯನ್ನು ಕೆಡಹುವಂಥದ್ದಂತೆ. "ಅದೇ ಆಗ್ಲಿ. ಚಿಕ್ಕದು ಎಂಥಕ್ಕೆ? ಖಲಾಸ್!" ಎಂದರು ಬಾಪ.

ಕೊಯೋಟಿ ಅಂದರೆ ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ಹದಿನೈದು ಕಿಲೋ ತೂಗದ ಪ್ರಾಣಿ. ಅದಕ್ಕೆ ಕಡವೆಯ ಗುಂಡೇ? ಹಾಗೆಂದು ಬಂದೂಕಿನ ವಿಷಯ ನನಗೇನು ಗೊತ್ತು? ಗೊತ್ತಿಲ್ಲದಿದ್ದರೆ ಹೋಗಿ ನೋಡಬೇಕು ಅನ್ನಿಸಿತು. ಪಕ್ಕದ ಮನೆಯ ಸಿಸಿಲಿಯಾ ಆಂಟಿಯ ಮಗಳು ನತಾಶಾ ಶೂಟಿಂಗ್ ರೇಂಜಿಗೆ ಅಭ್ಯಾಸಕ್ಕೆ ಹೋಗುತ್ತಾಳೆ. ಬಾಪನಿಗೆ ಆಂಟಿಯ ಮನೆಯಲ್ಲಿ ಕೇಕ್ ಕಲಿಯುತ್ತೇನೆಂದು ಹೇಳಿ, ಒಂದು ಸಂಜೆ ಅವರ ಕಾರಿನಲ್ಲಿ ಕುಳಿತೆ.

ಅಲ್ಲಿ ಕಲಿಸುವವರು ಒಬ್ಬರು ಕುವೈತಿ ಹೆಂಗಸು, ಉಮ್ಮು ಬದರ್. ನನ್ನ ವಯಸ್ಸಿನವರೇ, ಹಿಂದಿ ಚೆನ್ನಾಗಿ ಬರುತ್ತದೆ. ಯಾವ ಬಂದೂಕು ಒಳ್ಳೆಯದು ಎಂದು ನಾನು ಕೇಳಿದರೆ ಅವರು ನನ್ನನ್ನೇ ಕೇಳತೊಡಗಿದರು. ಎಷ್ಟು ದೂರದಿಂದ ಹೊಡೆಯುವುದು? ಅಲ್ಲಿ ಗಾಳಿ ಹೇಗೆ? ಕೊಯೋಟಿಯ ಹಿಂದೆ ಏನಿರುತ್ತದೆ, ಮಣ್ಣಿನ ದಿಬ್ಬವೋ, ಕುರಿಗಳೋ, ಯಾರದ್ದಾದರೂ ಮನೆಯೋ? ನೀನು ಹೇಳಿದ್ದು ನೆನಪಿದ್ದಷ್ಟು ಹೇಳಿದೆ. ಇನ್ನೂರು ಮೀಟರಿನ ಒಳಗಾದರೆ ಟೂ ಟ್ವೆಂಟಿ ತ್ರೀ ಎಂಬ ಸಣ್ಣ ಗುಂಡಿನದ್ದು ಧಾರಾಳ ಸಾಕು, ಗಾಳಿ ಜೋರಿದ್ದು ಇನ್ನೂ ದೂರವಾದರೆ ಅದಕ್ಕಿಂತ ತುಸು ದೊಡ್ಡ ಟೂ ಫೋರ್ಟಿ ತ್ರೀ, ಮ್ಯಾಗ್ನಂ ಬೇಡವೇ ಬೇಡ ಎಂದರು. ಭುಜಕ್ಕೆ ಒದೆಯುವ ಬಂದೂಕಾದರೆ ಮುಂದಿನ ಸಲ ಗುಂಡು ಹಾರುವ ಮೊದಲೇ ಮೈ ಬೆದರುತ್ತದಂತೆ, ಗುರಿ ಅಲ್ಲೇ ತಪ್ಪುತ್ತದಂತೆ.

"ಮಾತು ಸಾಕು, ಯಲ್ಲಾ, ಬನ್ನಿ, ಹೊಡೆದು ನೋಡಿ" ಎಂದು ಕೈಗೆ ಚಿಕ್ಕದೊಂದು ರೈಫಲ್ ಕೊಟ್ಟರು. ಕೊಡುವ ಮೊದಲು ಒಂದು ಪರೀಕ್ಷೆ. ಎರಡೂ ಅಂಗೈ ಜೋಡಿಸಿ ನಡುವೆ ಪುಟ್ಟ ಕಿಂಡಿ ಮಾಡಿ ಗೋಡೆಯ ಗಡಿಯಾರ ನೋಡಬೇಕು, ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಅದೇ ಗುರಿಯ ಕಣ್ಣು. ನನ್ನದು ಬಲ. ಬಲಗೈಯವರಲ್ಲೂ ಕೆಲವರದು ಎಡಗಣ್ಣು, ಅವರು ಬಲಭುಜಕ್ಕೆ ಬಂದೂಕು ಇಟ್ಟರೆ ಜನ್ಮದಲ್ಲಿ ತಾಗುವುದಿಲ್ಲ ಎಂದು ಅವರು ನಗುತ್ತಾ ಹೇಳಿದ್ದೇ ತಡ, ನಾನು ರೈಫಲ್ ಮೇಜಿನ ಮೇಲಿಟ್ಟುಬಿಟ್ಟೆ.

ಶಮೀ, ಚಿಕ್ಕವಳಿದ್ದಾಗ ಬೆಲ್ ಆದರೆ ನೀನು ಸ್ಟೂಲ್ ಹತ್ತಿ ಬಾಗಿಲಿನ ಕಿಂಡಿಯಲ್ಲಿ ಇಣುಕುತ್ತಿದ್ದೆ. ಎಡಕೆನ್ನೆಯನ್ನು ಬಾಗಿಲಿಗೆ ಒತ್ತಿ, ಬಲಗಣ್ಣು ಬಿಗಿಯಾಗಿ ಮುಚ್ಚಿ. ಪ್ರತಿ ಸಲ ಹಾಗೆಯೇ. ಊಟಕ್ಕೂ ಬರವಣಿಗೆಗೂ ಬಲಗೈ ಕಲಿಸಿದೆವು, ಕಲಿತೆ. ಕಣ್ಣಿಗೆ ಯಾರೂ ಏನೂ ಕಲಿಸಿರಲಿಲ್ಲ.

ಪಾರ್ಕಿಂಗ್ ಜಾಗದಿಂದಲೇ ನಿನಗೆ ಫೋನು ಮಾಡಿದ್ದು ಆಗ. ಎಡಭುಜಕ್ಕೆ ಇಟ್ಟು ನೋಡು, ದೊಡ್ಡ ಗುಂಡಿನದ್ದು ಬೇಡ ಎಂದೆ. ಯಾರು ಹೇಳಿದರು ಎಂದು ನೀನು ಕೇಳಿದೆ, ಗೊತ್ತಿರುವವರು ಎಂದು ತೇಲಿಸಿಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ನಿನ್ನ ಮೆಸೇಜ್ ಬಂತು, ನಡುವೆ ತೂತಾದ ಡಬ್ಬದ ಫೋಟೋ! ಅದನ್ನು ನಾನು ರೇಂಜಿನಲ್ಲಿ ಎಲ್ಲರಿಗೂ ತೋರಿಸಿದೆ. ಸಿಸಿಲಿಯಾ ಆಂಟಿ, "ಎಂಥ ಹುಡುಗಿ ಮಾರಾಯ್ತಿ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದರು. ಆ ದಿನ ನಾನೂ ನಾಲ್ಕು ಗುಂಡು ಹೊಡೆದೆ, ಆಮೇಲೂ ಕೇಕಿನ ನೆಪದಲ್ಲಿ ವಾರವಾರ ಹೋಗುತ್ತಿದ್ದೇನೆ.

ಆಮೇಲಿನದ್ದೆಲ್ಲ ನಿನ್ನದೇ. ಅಂಗಡಿಯವನು ತೋರಿಸಿದ ದೊಡ್ಡದನ್ನೆಲ್ಲ ಬಿಟ್ಟು, ಎಡಗೈಯವರಿಗೆಂದೇ ಮಾಡಿದ ಹಗುರವಾದ ಟೂ ಟ್ವೆಂಟಿ ತ್ರೀ ಆರಿಸಿದವಳು ನೀನು. ವಾರಗಟ್ಟಲೆ ಹಿಮದಲ್ಲಿ ಮಲಗಿ ಅಭ್ಯಾಸ ಮಾಡಿದವಳು ನೀನು. ಆದರೆ ನನ್ನ ಎದೆ ತುಂಬಿದ್ದು ಆ ಒಂದು ಗುಂಡಿಗಲ್ಲ. ಮುಂಜಾನೆ ಕೊಯೋಟಿ ಬೇಲಿ ದಾಟಿ ಬಂದಾಗ ಅದರ ಹಿಂದೆ ಕಾವಲು ನಾಯಿ ಇತ್ತೆಂದು ನೀನು ಟ್ರಿಗರ್‌ನಿಂದ ಬೆರಳು ತೆಗೆದೆ. ಕುರಿಮರಿ ಕೊಯೋಟಿಯ ಬಾಯಿಗೆ ಎರಡೇ ಮಾರು ದೂರ. ಆದರೂ ಕಾದೆ. ಅದು ತಿರುಗಿ ದಿಬ್ಬದ ಮುಂದೆ ಬಂದ ಮೇಲೆಯೇ ಹೊಡೆದೆ. ಕೊನೆಗೆ ಫೋನು ನನ್ನ ಕೈಗೆ ಮರಳಿ ಇದನ್ನು ನೀನು ಹೇಳುವಾಗ ಬಾಪ ಆ ಕಡೆ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ಆ ಕಾಯುವಿಕೆ ಎಷ್ಟು ಕಷ್ಟವೆಂದು, ಟ್ರಿಗರ್ ಮೇಲೆ ಬೆರಳಿಟ್ಟು ನೋಡಿದ್ದರಿಂದ ಈಗ ನನಗೂ ಸ್ವಲ್ಪ ಗೊತ್ತು.

ಹೊಟ್ಟೆ ತುಂಬ ಊಟ ಮಾಡು. ಚಳಿಗೆ ಕಿವಿ ಮುಚ್ಚಿಕೊ. ಒಡತಿಯ ಮಂಡಿ ಬೇಗ ವಾಸಿಯಾಗಲಿ ಎಂದು ದುಆ ಮಾಡಿದ್ದೇನೆ, ಅವರಿಗೆ ಹೇಳು.

ನಿನ್ನ
ಉಮ್ಮ ಅಲೀಮಾ

ತಾ.ಕ.: ಕಾಗದ ಮಡಚುತ್ತಿದ್ದಾಗ ಬಾಪ ಚಹಾಕ್ಕೆಂದು ಮೇಲೆ ಬಂದರು. ರೇಂಜಿನಲ್ಲಿ ಹೊಸದಾಗಿ ಕಲಿಯುವ ಹೆಂಗಸರ ಸ್ಪರ್ಧೆ ಇದೆಯಂತಲ್ಲ, ಹೆಸರು ಕೊಟ್ಟೆಯಾ ಎಂದು ಕೇಳಿದರು! ನಿಮಗೆ ಹೇಗೆ ಗೊತ್ತು ಎಂದೆ. ಮೊದಲ ದಿನವೇ ನನ್ನ ಶಾಲಿನಲ್ಲಿ ಗುಂಡಿನ ಮದ್ದಿನ ವಾಸನೆ ಬಂದಿತ್ತಂತೆ, ಕೇಕಿನದ್ದಲ್ಲ. ಹಾಗಾದರೆ ಮೊನ್ನೆ ಫೋನಿನಲ್ಲಿ ನಿಮ್ಮ ಸಲಹೆ ಎಂದು ಕೊಚ್ಚಿಕೊಂಡದ್ದು ಯಾಕೆ ಎಂದೆ. "ನೀನು ಮುಚ್ಚಿಟ್ಟದ್ದನ್ನು ನಾನು ಹೇಗೆ ಹೇಳಲಿ? ಅದಕ್ಕೇ ಸಲಹೆ ನನ್ನದೇ ಎಂದು ಹೇಳಿಕೊಂಡೆ" ಎಂದರು. ಅಬೂ ನಾಸರ್‌ಗೆ ಮಾತ್ರ ಆ ವಾರವೇ ಹೇಳಿಬಿಟ್ಟಿದ್ದರಂತೆ, ನನ್ನ ಹೆಂಡತಿ ಬಂದೂಕು ಹೊಡೆಯುತ್ತಾಳೆ ಎಂದು. ನಾಳೆ ನನ್ನನ್ನು ರೇಂಜಿಗೆ ಬಿಡುವುದು ಬಾಪನೇ ಓಡಿಸುವ ಅಂಗಡಿಯ ವ್ಯಾನು.