ವಕೀಲರ ಪಾಲಿನ ಜೋಳ

ವರ್ಷದ ವಕೀಲ ಕಾರ್ಡಿಗೆ ಮಂಜೂರಾತಿ ನೀಡಿದ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಕ್ಕ ಗ್ಯಾನಮ್ಮನ ಮನೆ ಹೋಯಿತು. ಹೋದ ಮೂರನೆಯ ತಿಂಗಳಿಗೆ, ಕಾರ್ಡು ನವೀಕರಿಸುವಂತೆ ನಿಮ್ಮ ಮೊಹರಿನ ಪತ್ರ ಬಂದಿದೆ. ಕಟ್ಟಬೇಕೋ ಬೇಡವೋ ಎಂದು ಅವಳು ನನ್ನನ್ನು ಕೇಳಿದಳು. ಎರಡು ವರ್ಷದ ಹಿಂದೆಯೂ ಇದನ್ನೇ ಕೇಳಿದ್ದಳು. ಆಗ ಹೂಂ ಅಂದಿದ್ದೆ. ಹೋದ ವರ್ಷ ಕೇಳದೆಯೇ ಕಟ್ಟಿದ್ದಳು. ಈ ಸಲ ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ.

1992ರ ಸುಗ್ಗಿ ಮುಗಿದಾಗ ನಿಮ್ಮ ಏಜೆಂಟ ಹುಸೇನಪ್ಪ ಸಂತೆಕಲ್ಲೂರಿಗೆ ಬಂದ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಲಿಂಗಸುಗೂರಿನ ವಕೀಲರ ಸೇವೆ ವರ್ಷವಿಡೀ ಸಿಗುತ್ತದೆ ಎಂದ. ಅಕ್ಕ ವಿಧವೆ. ಅವಳ ಎರಡು ಖೋಲಿಯ ಮನೆ ತನ್ನ ಪಾಲಿನದೆಂದು ಮೈದುನ ಮಾನಪ್ಪ ಆಗಲೇ ಗೊಣಗುತ್ತಿದ್ದ. ನಾನೂ ಅಂದು ಅಲ್ಲೇ ಇದ್ದೆ.

"ಜ್ವರ ಬರೋಕಿಂತ ಮೊದ್ಲ ಡಾಕ್ಟರನ್ನ ಇಟ್ಕೊಂಡಂಗ್ರಿ ಅಕ್ಕಾರ," ಅಂದ ಹುಸೇನಪ್ಪ.

"ಡಾಕ್ಟರ್ ಬ್ಯಾಡಪ್ಪಾ, ಸೂಜಿ ಚುಚ್ತಾನ," ಅಂದಳು ಅಕ್ಕ.

"ಇವ್ರು ಚುಚ್ಚಂಗಿಲ್ರಿ. ಇನ್ನ ಮ್ಯಾಲೆ ವಕೀಲ್ರು ನಿಮ್ಮ ಮನಿಯವ್ರು ಅಂತ ತಿಳ್ಕೋರಿ."

ಅವಳು ಹಾಗೆಯೇ ತಿಳಿದುಕೊಂಡಳು. ನಮ್ಮ ಊರಲ್ಲಿ ಬಡಿಗೇರನಿಗೂ ಕಂಬಾರನಿಗೂ ಸುಗ್ಗಿಯಲ್ಲಿ ವರ್ಷದ ಜೋಳ ಅಳೆದು ಕೊಡುತ್ತಾರೆ. ಆಯ ಎನ್ನುತ್ತಾರೆ ಅದಕ್ಕೆ. ಆಯ ಪಡೆದ ಬಡಿಗೇರ ಬಿತ್ತನೆಗೆ ಮೊದಲು ತಾನೇ ಬಂದು ಕೂರಿಗೆ ನೋಡಿ ಹೋಗುತ್ತಾನೆ. ಅವನನ್ನು ಕರೆಯಲು ಹೋದರೆ ಅವನ ಮೇಲೆ ನಂಬಿಕೆಯಿಲ್ಲ ಎಂದಂತೆ. ಕಟ್ಟಿದ ಹಣ ಕಚೇರಿಯದು, ಮನುಷ್ಯನಿಗೆ ಕೊಡುವುದು ಬೇರೆ ಎಂದು ಅಕ್ಕ ವಕೀಲರ ಹೆಸರಲ್ಲೂ ಒಂದು ಚೀಲ ಜೋಳ ತೆಗೆದಿಟ್ಟಳು. ನಾನು ನಕ್ಕೆ.

ಮರುವರ್ಷ ಮಾನಪ್ಪ ಲಿಂಗಸುಗೂರಿನ ಕೋರ್ಟಿನಲ್ಲಿ ದಾವೆ ಹಾಕಿದ. ಸಮನ್ಸು ತಂದವನಿಗೆ ಅಕ್ಕ ಹೆಬ್ಬೆಟ್ಟು ಒತ್ತಿ, "ನಮ್ಮ ವಕೀಲ್ರಿಗೆ ಎಲ್ಲಾ ಗೊತ್ತೈತಪ್ಪಾ" ಅಂದಳಂತೆ. ಕಾಗದವನ್ನು ಕಾರ್ಡಿನ ಜೊತೆ ಗೋಡೆಯ ಗೂಡಿನಲ್ಲಿಟ್ಟಳು. ತಾರೀಖಿನ ದಿನ ಅಂಗಳ ಸಾರಿಸಿ, ಬಂದವರು ಕೂರಲೆಂದು ಹೊರಗೆ ಹೊರಸು ಹಾಕಿ, ಚಹಾಕ್ಕೆ ಹಾಲು ತಂದಿಟ್ಟು ಸಂಜೆಯವರೆಗೆ ಕೂತಳು. ವಕೀಲರು ಬಂದು ತನ್ನನ್ನು ಕರೆದುಕೊಂಡು ಹೋಗುತ್ತಾರೆ ಎಂದು. ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಕೋರ್ಟಿನಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಿ ಮುಗಿದಿತ್ತು. ಏಕಪಕ್ಷೀಯ ತೀರ್ಪಾದದ್ದು, ಕೋರ್ಟಿನ ಅಮೀನ ಬಂದು ಅವಳ ಪಾತ್ರೆಗಳನ್ನು ಹೊರಗಿಡುವವರೆಗೆ ನನಗೂ ತಿಳಿಯಲಿಲ್ಲ.

"ನನಗ್ಯಾಕ ಹೇಳ್ಲಿಲ್ಲ ಅಕ್ಕಾ?"

"ವಕೀಲ್ರು ಅದಾರಲ್ಲೋ ತಮ್ಮಾ. ನಿನಗ್ಯಾಕ ತ್ರಾಸು ಅಂದ್ಕೊಂಡೆ."

ಈಗ ನಿಮ್ಮ ನಿಯಮಾವಳಿಗೆ ಬರೋಣ. ಒಂಬತ್ತನೆಯ ನಿಯಮ, ಕಾರ್ಡಿನ ಹಿಂಬದಿ, ಇರುವೆ ಸಾಲಿನಂಥ ಅಕ್ಷರ: ಪ್ರತಿ ಪ್ರಕರಣಕ್ಕೂ ಸದಸ್ಯರು ಲಿಖಿತ ಅರ್ಜಿ ಸಲ್ಲಿಸತಕ್ಕದ್ದು, ನ್ಯಾಯಾಲಯದ ಹಾಜರಿ ಈ ಯೋಜನೆಗೆ ಒಳಪಡುವುದಿಲ್ಲ. ಅಂದರೆ, ಕರೆದಿದ್ದರೂ ನಿಮ್ಮ ವಕೀಲರು ಕೋರ್ಟಿಗೆ ಬರುತ್ತಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ! ಮಸ್ಕಿಯ ಅಂಗಡಿಕಾರರಿಗೆ ವರ್ಷಕ್ಕೆ ಹತ್ತು ನೋಟೀಸು ಬರೆಸುವುದಿರುತ್ತದೆ. ಅವರಿಗೆ ಈ ಕಾರ್ಡು ಲಾಭವೇ. ಒಂದೇ ಮನೆ, ಒಬ್ಬನೇ ಮೈದುನ ಇರುವ ಹೆಂಗಸಿಗೆ ಬದುಕಿನಲ್ಲಿ ಒಂದು ದಿನ ಮಾತ್ರ ವಕೀಲ ಬೇಕು. ಆ ಒಂದು ದಿನವನ್ನು ಬಿಟ್ಟು ಉಳಿದೆಲ್ಲ ದಿನಗಳನ್ನು ಅವಳಿಗೆ ಮಾರಿದಿರಲ್ಲ, ಯಾವ ಧೈರ್ಯದಿಂದ?

ಆದರೆ ಆ ನಿಯಮವನ್ನು ನಾನು ಹುಸೇನಪ್ಪ ಬಂದ ದಿನವೇ ಓದಿದ್ದೆ. ಅವಳಿಗೆ ಓದು ಬಾರದು, ನನಗೆ ಬರುತ್ತದೆ. ಬಸ್ಸಿನ ಹೊತ್ತಾಗಿತ್ತು. ಕಾರ್ಡನ್ನು ಮಡಿಚಿ ಅವಳ ಕೈಗೆ ಕೊಟ್ಟೆ.

ಈಗ ಅಕ್ಕ ಸಿಂಧನೂರಿನಲ್ಲಿ ನನ್ನ ಮನೆಯಲ್ಲಿದ್ದಾಳೆ. ಬರುವಾಗ ಜೋಳದ ಚೀಲವನ್ನೂ ತಂದಳು. ಮೊನ್ನೆ ಹಿಟ್ಟು ಮುಗಿದಾಗ ಅದಕ್ಕೆ ಕೈ ಹಾಕಲು ಹೋದೆ.

"ಮುಟ್ಟಬ್ಯಾಡೋ. ಅದು ಅವ್ರದು. ಪಾಪ, ಏನು ತೊಂದ್ರಿ ಬಂತೋ ಅವ್ರಿಗೆ, ಬರಾಕ ಆಗಿಲ್ಲ."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇನ್ನು ಮುಂದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಒಂಬತ್ತನೆಯ ನಿಯಮವನ್ನು ಒತ್ತುವವರ ಮಾತಿನಲ್ಲಿ, ಗಟ್ಟಿಯಾಗಿ ಓದಿ ಹೇಳಿಸಿ. ಮತ್ತು ನಿಮ್ಮ ವಕೀಲರಲ್ಲಿ ಯಾರನ್ನಾದರೂ ಒಬ್ಬರನ್ನು ಇಲ್ಲಿಗೆ ಕಳಿಸಿ. ನಾನು ಜಗಳ ತೆಗೆಯುವುದಿಲ್ಲ. ಅಕ್ಕ ಹೊರಸು ಹಾಕುತ್ತಾಳೆ, ಚಹಾ ಕೊಡುತ್ತಾಳೆ. ಅವರು ಚೀಲ ತೆಗೆದುಕೊಂಡು ಹೋಗಲಿ. ನಾನು ಈ ಪತ್ರ ಬರೆದದ್ದನ್ನು ಮಾತ್ರ ಅವಳಿಗೆ ಹೇಳಬಾರದು. ಕರೆಯದೆಯೇ ಬಂದರು ಎಂದು ಅವಳು ತಿಳಿಯಬೇಕು.

ಇಂತಿ,
ಓದಿಯೂ ಹೇಳದೆ ಬಸ್ಸು ಹತ್ತಿದ ತಮ್ಮ,
ಆದಪ್ಪ, ಸಿಂಧನೂರು