ಹಿಂದಿನ ಗೇಟಿನ ಬೀಗದ ಕೈ

ಜೂನ್ ೧೨, ಗುರುವಾರ

ಕೋಚ್ ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. ಮೈದಾನದಲ್ಲಿ ಓಡುವವರು ಯಾರಾದರೂ ಎದೆ ಹಿಡಿದು ಬಿದ್ದರೆ, ಆಂಬುಲೆನ್ಸಿಗೆ ಹಿಂದಿನ ಗೇಟು ತೆಗೆಯುವುದು ಕಾವಲಿನವಳಾದ ನನ್ನ ಕೆಲಸ. ಇವತ್ತು ಅದರ ತಾಲೀಮು. ಬಿದ್ದವಳಂತೆ ನಟಿಸಿದ್ದು ಇಲ್ಲೇ ಓಟ ಕಲಿಯುವ ನನ್ನ ಮಗಳೇ. ಸುಳ್ಳೆಂದು ಗೊತ್ತಿದ್ದರೂ ಅವಳ ಹತ್ತಿರ ಓಡಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಅಕ್ಕಾ, ಬೀಗದ ಕೈ ನಿಮ್ಮ ಸೊಂಟದಲ್ಲಿ, ಆಂಬುಲೆನ್ಸ್ ಬೀದೀಲಿ!" ಎಂದರು ಕೋಚ್.

ಮಗಳು ಒಂದು ಕಣ್ಣು ತೆರೆದು, "ಅಮ್ಮಾ, ನೀನು ಹೀಗೇ ಕೂತಿದ್ರೆ ನಾನು ಸತ್ತೇ ಹೋಗ್ತೀನಿ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಎದೆ ಒತ್ತಿ ಉಳಿಸುವುದಕ್ಕೆ ಮೈದಾನದ ನರ್ಸಮ್ಮ ಇದ್ದರು. ಗೇಟಿಗೆ ಯಾರಿದ್ದರು?

ನಾಳೆ ಮತ್ತೆ ತಾಲೀಮು. ಅವಳು ನಿಜವಾಗಿ ಬಿದ್ದರೂ ಸರಿ, ಬೆನ್ನು ತಿರುಗಿಸಿ ಓಡುತ್ತೇನೆ. ದೇವರೇ, ಅವಳ ಪಕ್ಕದಲ್ಲಿ ನೀನು ಕೂತಿರು. ಗೇಟು ನಾನು ನೋಡಿಕೊಳ್ಳುತ್ತೇನೆ.